ಗಂಟಿನ ನಿಜವಾದ ಹೆಸರು

ಕಾಲಿದ್ದವರು ಹಂಪೆಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು ಎಂಬ ಗಾದೆಯನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಕಲ್ಲಿನಲ್ಲಿ ಕಡೆದ ಕೆಲಸವನ್ನು ನೋಡುವದಕ್ಕೆ ಕಣ್ಣು ಸಾಕು. ಆದರೆ ಒಬ್ಬ ಮನುಷ್ಯನ ಕಿವಿಯ ಮುಂದಾಗಲಿ, ದವಡೆಯ ಕೆಳಗಾಗಲಿ ಒಂದು ಗಂಟು ಎದ್ದರೆ ಅದು ಏನೆಂದು ಕಣ್ಣು ಹೇಳಲಾರದು, ಮುಟ್ಟಿ ನೋಡುವ ಬೆರಳೂ ಹೇಳಲಾರದು. ಹೀಗಿದ್ದರೂ ಅಂಥ ಗಂಟಿಗೆ ಹೆಸರಿಡುವವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಒಬ್ಬನು ಮಂಗಬಾವು ಎನ್ನುವನು. ಇನ್ನೊಬ್ಬನು ವಾಯುವಿನ ಗಡ್ಡೆ ಎಂದು ಬರೆ ಹಾಕಿಸುವನು. ಮೂರನೆಯವನು ಪಿಸುಮಾತಿನಲ್ಲಿ ಕ್ಯಾನ್ಸರ್ ಎಂದು ಹೇಳಿ ಮನೆಯವರನ್ನೆಲ್ಲಾ ಅಳಿಸುವನು. ಆದದರಿಂದ, ಪ್ರಿಯ ವಾಚಕರೇ, ರೋಗದ ನಿಜವಾದ ಹೆಸರನ್ನು ಹುಡುಕುವದಕ್ಕೋಸ್ಕರ ದಿನಗಳನ್ನೂ ಹಣವನ್ನೂ ವೆಚ್ಚಮಾಡುವದು ನಾವು ರೋಗಿಗೆ ಸಲ್ಲಿಸತಕ್ಕ ಋಣವೋ, ಇಲ್ಲವೆ ವಿದ್ಯಾವಂತರ ಬರಿಯ ಕುತೂಹಲವೋ ಎಂಬದನ್ನು ಈ ಸಾರಿ ವಿಚಾರಿಸೋಣ.

ಉಗುಳನ್ನು ಹುಟ್ಟಿಸುವ ದೊಡ್ಡ ಗ್ರಂಥಿಗಳು ನಮಗೆ ಮೂರು ಜೋಡಿ ಉಂಟು: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ. ಇವಲ್ಲದೆ ತುಟಿ, ಅಂಗಳ, ಗಂಟಲುಗಳ ಒಳಮೈಯಲ್ಲಿ ಆರು ನೂರರಿಂದ ಸಾವಿರದ ವರೆಗೆ ಸಣ್ಣ ಗ್ರಂಥಿಗಳಿವೆ. ಮಂಗಬಾವು ಹೆಚ್ಚಾಗಿ ಮಕ್ಕಳಿಗೆ ಜ್ವರದೊಂದಿಗೆ ಬಂದು, ಒಂದೆರಡು ವಾರಗಳಲ್ಲಿ ತಾನೇ ಇಳಿಯುವದು. ಆದರೆ ದೊಡ್ಡವರಲ್ಲಿ ಒಂದೇ ಕಡೆಗೆ ಎದ್ದು, ನೋವಿಲ್ಲದೆ ತಿಂಗಳುಗಟ್ಟಲೆ ಬೆಳೆಯುವ ಗಂಟು ಬೇರೆ ಜಾತಿಯದು. ಕಿವಿಯ ಮುಂದಿನ ಗ್ರಂಥಿಯಲ್ಲಿ ಹುಟ್ಟುವ ಗಂಟುಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ 80 ಸೌಮ್ಯವಾದವುಗಳೇ. ಗ್ರಂಥಿಯು ಸಣ್ಣದಾದಷ್ಟೂ ಕೇಡಿನ ಗಂಟಿನ ಸಂಭವವು ಹೆಚ್ಚು. ಈ ಕೇಡಿನ ಗಂಟುಗಳೋ ಬಹು ಅಪರೂಪ. ಲೋಕದ ಲೆಕ್ಕದಲ್ಲಿ ಲಕ್ಷ ಜನರೊಳಗೆ ವರ್ಷಕ್ಕೆ ಒಬ್ಬರ ಆಸುಪಾಸು. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯಲ್ಲಿ ಸುಮಾರು 13 ಲಕ್ಷ 90 ಸಾವಿರ ಜನರಿದ್ದರು. ಆ ಲೆಕ್ಕ ಹಿಡಿದರೆ ಇಡೀ ಜಿಲ್ಲೆಗೆ ವರ್ಷಕ್ಕೆ ಹತ್ತು ಹದಿನೈದು ಮಂದಿ ಆದಾರು. ಅವರೆಲ್ಲರಿಗೂ ಒಂದೇ ರೋಗವಿರುವದಿಲ್ಲ; ಉಗುಳಿನ ಗ್ರಂಥಿಗಳ ಕ್ಯಾನ್ಸರಿನಲ್ಲಿ ಇಪ್ಪತ್ತಕ್ಕೆ ಮೇಲ್ಪಟ್ಟು ಬಗೆಗಳುಂಟು.

ಇದನ್ನು ಕೇಳಿ ಒಬ್ಬನು, ಎಲ್ಲವೂ ಕ್ಯಾನ್ಸರ್ ತಾನೇ, ಕೊಯ್ದು ತೆಗೆದರಾಯಿತು, ಹೆಸರಿನಿಂದೇನು, ಎಂದಾನು. ಅವನು ಈ ಸಂಗತಿಯನ್ನು ಯೋಚಿಸಲಿ. ಮುಖವನ್ನು ಆಡಿಸುವ ನರವು ಕಿವಿಯ ಮುಂದಿನ ಗ್ರಂಥಿಯ ನಡುವೆಯೇ ಹಾದು, ಅಲ್ಲಿ ಐದು ಕವಲುಗಳಾಗಿ ಒಡೆಯುವದು. ಅದು ಕಡಿದುಹೋದರೆ ಆ ಕಡೆಯ ಬಾಯಿ ಸೊಟ್ಟಗಾಗುವದು, ಕಣ್ಣು ಮುಚ್ಚದು, ಕುಡಿದ ನೀರು ಕಟವಾಯಿಯಿಂದ ಸುರಿಯುವದು. ಗಂಟು ಸೌಮ್ಯವಾದದ್ದಾದರೆ ಶಸ್ತ್ರವೈದ್ಯನು ತಾಸುಗಟ್ಟಲೆ ದುಡಿದು ನರವನ್ನು ಬಿಡಿಸಿ ಉಳಿಸುವನು. ಕೇಡಿನ ಗಂಟು ನರವನ್ನೇ ನುಂಗಿದ್ದರೆ ಅದನ್ನು ತೆಗೆಯದೆ ಗತಿಯಿಲ್ಲ. ತಿಳಿಯದೆ ಹೆಚ್ಚು ಕೊಯ್ದರೆ ಒಬ್ಬನ ಮುಖ ಕೆಡುವದು, ಕಡಿಮೆ ಕೊಯ್ದರೆ ಪ್ರಾಣ ಹೋಗುವದು. ಹೆಸರಿನಿಂದೇನು ಎಂದು ಕೇಳುವವನು ಕತ್ತಿಯ ಕೆಳಗೆ ತನ್ನ ಮುಖವನ್ನಿಟ್ಟು ಕೇಳಲಿ.

ಹಾಗಾದರೆ ಹೆಸರನ್ನು ಹುಡುಕುವ ಬಗೆ ಹೇಗೆ? ಮೊದಲು ಸಣ್ಣ ಸೂಜಿಯಿಂದ ಗಂಟಿನೊಳಗಿನ ಕೆಲವು ಜೀವಕೋಶಗಳನ್ನು ಹೀರಿ ಸೂಕ್ಷ್ಮದರ್ಶಕದಲ್ಲಿ ನೋಡುವರು. ಸೂಜಿಯ ಈ ಪರೀಕ್ಷೆಯ ಉತ್ತರವನ್ನು ಬರೆಯುವದಕ್ಕೆ ಇಟಲಿ ದೇಶದ ಮಿಲಾನ್ ಪಟ್ಟಣದ ಹೆಸರಿನ ಒಂದು ಕ್ರಮವು 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ಆರು ತರಗತಿಗಳುಂಟು. ಸಿಕ್ಕಿದ ಅಂಶವು ಸಾಲದು ಎಂಬದು ಒಂದು ತರಗತಿ. ಜೀವಕೋಶಗಳು ವಿಪರೀತವಾಗಿವೆ, ಅರ್ಥ ನಿಶ್ಚಯವಿಲ್ಲ ಎಂಬದು ಇನ್ನೊಂದು. ನಮಗೆ ಇದು ಬಹಳ ಮೆಚ್ಚಿಕೆಯಾಯಿತು. ತಿಳಿಯದು ಎಂಬ ಮಾತಿಗೂ ಒಂದು ಗೌರವದ ಸ್ಥಾನವನ್ನು ಕೊಟ್ಟಿದ್ದಾರಲ್ಲಾ! ನಮ್ಮ ಕಡೆಯಲ್ಲಿ ವೈದ್ಯನು ತನಗೆ ತಿಳಿಯದೆಂದರೆ ಅವನನ್ನು ದಡ್ಡನೆಂದು ಬಿಟ್ಟು, ಧೈರ್ಯವಾಗಿ ಸುಳ್ಳು ಹೇಳುವವನ ಬಾಗಿಲಿಗೆ ಹೋಗುವದು ರೂಢಿ.

ಸೂಜಿಯಿಂದ ನಿಶ್ಚಯವಾಗದಿದ್ದರೆ ಗಂಟಿನ ಒಂದು ಎಳೆಯನ್ನು, ಇಲ್ಲವೆ ಕೊಯ್ದ ಮೇಲೆ ಇಡೀ ಗಂಟನ್ನು, ಫಾರ್ಮಲಿನ್ ಎಂಬ ಔಷಧದಲ್ಲಿ ನೆನಸಿ, ಮೇಣದಲ್ಲಿ ಅಚ್ಚು ಹಾಕಿ, ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಚ್ಚಿ ನೋಡುವರು. ಬಹುಮಟ್ಟಿಗೆ ಇಲ್ಲಿಯೇ ಹೆಸರು ಗೊತ್ತಾಗುವದು. ಆದರೆ ಎರಡು ಬಗೆಗಳು ಅವಳಿಗಳಂತೆ ಒಂದೇ ರೂಪ ತೋರಿಸುವದುಂಟು. ಆಗ ಜೀವಕೋಶದ ಒಳಗಿನ ವರ್ಣತಂತುಗಳ ವರೆಗೆ ಹೋಗಬೇಕಾಗುವದು. ಕುಷ್ಟಗಿಯ ಆಚೆಗಿರುವ ಇಳಕಲ್ಲಿನಲ್ಲಿ ಸೀರೆಯ ಮೈಯ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಕೊಂಡಿಯಾಗಿ ಕೂಡಿಸುವದನ್ನು ವಾಚಕರಲ್ಲಿ ಅನೇಕರು ಕಂಡಿದ್ದೀರಿ. ನೇಕಾರನು ಬೇಕೆಂದು ಮಾಡುವ ಕೂಡಿಕೆ ಅದು. ಈ ರೋಗಗಳಲ್ಲಿಯೂ ಒಂದು ವರ್ಣತಂತು ಕಡಿದು, ಕೂಡಬಾರದ ಇನ್ನೊಂದಕ್ಕೆ ಕೂಡಿಕೊಳ್ಳುವದು. ಆ ತಪ್ಪು ಕೂಡಿಕೆಯಿಂದ, ಬೆಳೆ, ಬೆಳೆ ಎಂಬ ಆಜ್ಞೆಯು ನಿಲ್ಲದೆ ಹೊರಡುವದು. ಯಾವ ಎಳೆಯು ಯಾವದಕ್ಕೆ ಕೂಡಿದೆಯೋ ಅದರಿಂದ ರೋಗದ ಬಗೆಯು ಗೊತ್ತಾಗುವದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಕೂಡಿಕೆಯು ಆ ಗಂಟಿನೊಳಗೆ, ಆ ಮನುಷ್ಯನ ಜೀವಮಾನದಲ್ಲಿ ಹುಟ್ಟಿದ್ದೇ ಹೊರತು ತಂದೆತಾಯಿಗಳಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವಂಥದೂ ಅಲ್ಲ. ಜೀನಿನ ಪರೀಕ್ಷೆ ಎಂಬ ಮಾತನ್ನು ಕೇಳಿ, ಆ ಮನೆಯ ಹೆಣ್ಣು ಬೇಡವೆಂದು ನೆಂಟಸ್ತನವನ್ನು ಮುರಿಯುವವರು ಅನ್ಯಾಯವನ್ನು ಮಾಡುತ್ತಾರೆ.

ಜೆಕ್ ದೇಶದ ಪ್ಲಜೆನ್ ಪಟ್ಟಣದಲ್ಲಿ ಅಲೆನಾ ಸ್ಕಾಲೋವಾ ಎಂಬ ರೋಗಶಾಸ್ತ್ರಜ್ಞೆ ಇದ್ದಾರೆ. ಆಕೆಯೂ ಜೊತೆಗಾರರೂ ಉಗುಳಿನ ಗ್ರಂಥಿಯ ಕೆಲವು ಗಂಟುಗಳು ಸ್ತನದ ಒಂದು ಅಪರೂಪದ ಕ್ಯಾನ್ಸರನ್ನು ಹೋಲುವದನ್ನು ಕಂಡು ವರ್ಣತಂತುಗಳನ್ನು ಪರೀಕ್ಷಿಸಲಾಗಿ, 12ನೆಯದರ ಎಳೆಯು 15ನೆಯದಕ್ಕೆ ಕೂಡಿದ್ದನ್ನು ಕಂಡರು. 16 ಮಂದಿಯ ಗಂಟುಗಳ ಆಧಾರದ ಮೇಲೆ 2010ರಲ್ಲಿ ಹೊಸ ರೋಗವೊಂದನ್ನು ಪ್ರಕಟಿಸಿದರು. ಈಗ ಅದಕ್ಕೆ ಸಿಕ್ರೀಟರಿ ಕಾರ್ಸಿನೋಮಾ ಎಂದು ಹೆಸರು. ಅದಕ್ಕೆ ಮುಂಚೆ ಅಂಥ ರೋಗಿಗಳಲ್ಲಿ ಬಹಳ ಮಂದಿಯನ್ನು ಅಸಿನಿಕ್ ಸೆಲ್ ಎಂಬ ಬೇರೊಂದು ಬಗೆಯಲ್ಲಿ ಎಣಿಸುತ್ತಿದ್ದರು. ಮುಂದೆ ಆ ತಪ್ಪು ಕೂಡಿಕೆಯನ್ನೇ ತಡೆಯುವ ಲಾರೋಟ್ರೆಕ್ಟಿನಿಬ್ ಎಂಬ ಔಷಧ ದೊರೆಯಿತು. ಅಂಥ ಕೂಡಿಕೆಯಿದ್ದ 55 ಮಂದಿಗೆ ಅದನ್ನು ಕೊಡಲಾಗಿ ನೂರಕ್ಕೆ 75ರಷ್ಟು ಮಂದಿಯ ಗಂಟುಗಳು ಕುಗ್ಗಿದವೆಂದು 2018ರಲ್ಲಿ ಪ್ರಕಟವಾಯಿತು. ಅವರಲ್ಲಿ 12 ಮಂದಿ ಉಗುಳಿನ ಗ್ರಂಥಿಯ ರೋಗಿಗಳು. ಹೆಸರು ಬದಲಾದದ್ದರಿಂದ ಅವರಿಗೆ ಬಾಗಿಲು ತೆರೆಯಿತು.

ಆದರೆ ಎಲ್ಲಾ ಹೆಸರುಗಳೂ ಬಾಗಿಲನ್ನು ತೆರೆಯವು. ಇದನ್ನು ಮುಚ್ಚಿಟ್ಟು ಬರೆಯುವದು ಸರಿಯಲ್ಲ. ಅಡಿನಾಯ್ಡ್ ಸಿಸ್ಟಿಕ್ ಎಂಬ ಇನ್ನೊಂದು ಬಗೆಯಲ್ಲಿ 6ನೆಯ ಮತ್ತು 9ನೆಯ ವರ್ಣತಂತುಗಳು ಕೂಡಿಕೊಳ್ಳುವದು 2009ರಿಂದ ಚೆನ್ನಾಗಿ ತಿಳಿದಿದ್ದರೂ, ಆ ಕೂಡಿಕೆಗೆಂದು ಒಪ್ಪಿತವಾದ ಔಷಧವಿನ್ನೂ ಇಲ್ಲ. ಸಿಕ್ರೀಟರಿ ಬಗೆಯಲ್ಲಿಯೂ ಎಷ್ಟೋ ಮಂದಿಗೆ ಶಸ್ತ್ರಕ್ರಿಯೆಯೇ ಸಾಕಾಗುವದು. ಆ ಬೆಲೆಯುಳ್ಳ ಔಷಧವು ಹೆಚ್ಚಾಗಿ ರೋಗ ಹರಡಿದವರಿಗೆ. ಆದಕಾರಣ ಬಡವನು ವರ್ಣತಂತುಗಳ ಪರೀಕ್ಷೆಗೋಸ್ಕರ ಹೊಲವನ್ನು ಅಡವಿಡಬೇಕೋ ಎಂದು ಕೇಳಿದರೆ, ಮೊದಲೇ ಅಡವಿಡಬಾರದು ಎನ್ನುವೆವು. ವೈದ್ಯರ ಮುಂದೆ ಕೂತು, ಈ ಪರೀಕ್ಷೆಯ ಉತ್ತರದಿಂದ ಚಿಕಿತ್ಸೆಯಾಗಲಿ ಮುಂದೆ ಕಾಯುವ ಬಗೆಯಾಗಲಿ ಬದಲಾಗುವದೋ, ಎಂದು ಕೇಳಿರಿ. ಬದಲಾಗುವದೆಂದರೆ ಮಾಡಿಸುವದು ಋಣ. ಇಲ್ಲವೆಂದರೆ ಬಿಡುವದರಲ್ಲಿ ಪಾಪವಿಲ್ಲ. ಆದರೆ ಮೇಣದ ಅಚ್ಚಿನ ಪರೀಕ್ಷೆಯನ್ನು ಬಿಡುವದಕ್ಕೆ ಬಡತನವು ನೆವವಾಗಲಾರದು. ಕೊಯ್ದ ಗಂಟನ್ನು ಪರೀಕ್ಷೆಗೆ ಕಳುಹಿಸದೆ ಬಿಸಾಡುವದನ್ನು ಕೇಳಿದ್ದೇವೆ. ಹಾಗೆ ಬಿಸಾಡಿದರೆ ಆ ಮನುಷ್ಯನ ಹೆಸರನ್ನೇ ಬಿಸಾಡಿದ ಹಾಗೆ. ಅಚ್ಚು ಒಂದಿದ್ದರೆ ಅದು ವರ್ಷಗಟ್ಟಲೆ ಕೆಡದು. ಅದನ್ನೂ ಗಾಜುಗಳನ್ನೂ ಕೇಳಿ ಪಡಕೊಂಡು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗಾಗಲಿ, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾಗಲಿ ಒಯ್ದು ಮತ್ತೊಬ್ಬರ ಕಣ್ಣಿಗೆ ತೋರಿಸಬಹುದು.

ಇನ್ನೊಂದು ಕಷ್ಟದ ಪ್ರಶ್ನೆ ಉಳಿಯಿತು. ಹೆಸರು ಗೊತ್ತಾದ ಮೇಲೆ ಅದನ್ನು ಯಾರಿಗೆ ಹೇಳಬೇಕು? ಮಕ್ಕಳು ವೈದ್ಯರನ್ನು ಬಾಗಿಲ ಹೊರಗೆ ತಡೆದು, "ನಮ್ಮಪ್ಪಗ ಏನೂ ಹೇಳಬ್ಯಾಡ್ರಿ, ಎದಿ ಒಡಕೋತಾನ" ಎಂದು ಕೈಮುಗಿಯುವದು ನಮ್ಮಲ್ಲಿ ಸಾಮಾನ್ಯ. ಅದು ಪ್ರೀತಿಯೇ, ಸಂಶಯವಿಲ್ಲ. ಆದರೆ ಮೇಲೆ ಹೇಳಿದ ಅಡಿನಾಯ್ಡ್ ಸಿಸ್ಟಿಕ್ ರೋಗವು ನರಗಳ ಜಾಡು ಹಿಡಿದು ಮೆಲ್ಲಗೆ ಹರಿಯುವಂಥದು. ಹತ್ತು ವರ್ಷಗಳು ಕಳೆದ ಮೇಲೂ ಪುಪ್ಪುಸಗಳಲ್ಲಿ ಕಾಣಿಸಿಕೊಳ್ಳುವದುಂಟು. ಬರಿಯ ಗಡ್ಡೆ ಇತ್ತು, ತೆಗೆದರು, ವಾಸಿಯಾಯಿತು ಎಂದು ನಂಬಿಸಲ್ಪಟ್ಟ ತಂದೆಯು ಎರಡನೆಯ ವರ್ಷದಲ್ಲಿ, ಸುಗ್ಗಿ ಬಿಟ್ಟು ಆಸ್ಪತ್ರೆಗೆ ಯಾಕೆ ಬರಲಿ, ಎನ್ನುವನು. ಅವನು ಹಾಗೆನ್ನುವದು ನ್ಯಾಯವೇ. ಯಾಕಂದರೆ ಬರಬೇಕಾದ ಕಾರಣವನ್ನು ಅವನಿಂದ ಕಿತ್ತುಕೊಂಡವರು ಮಕ್ಕಳು. ಹೇಳುವದನ್ನು ಒಂದೇ ಉಸುರಿನಲ್ಲಿ ಹೇಳಬೇಕೆಂದಿಲ್ಲ. ಈ ಹೊತ್ತು ಅವನು ಎಷ್ಟು ಕೇಳುವನೋ ಅಷ್ಟನ್ನು, ನಾಳೆ ಕೇಳಿದರೆ ಮಿಕ್ಕಿದ್ದನ್ನು, ಅವನ ಹತ್ತಿರ ಕೂತು, ಅವನ ಮಾತಿನಲ್ಲಿಯೇ ಹೇಳಬಹುದು. ಓದು ಬಾರದವನಾದರೂ ರೋಗದ ಹೆಸರನ್ನು ಬಾಯಿಪಾಠವಾಗಿ ಹೇಳಲು ಕಲಿಯಲಿ. ಆಸ್ಪತ್ರೆಯ ಕಾಗದಗಳನ್ನು ಹೊಲದ ಪಹಣಿಯ ಸಂಗಡ ಒಂದೇ ಪೆಟ್ಟಿಗೆಯಲ್ಲಿಟ್ಟುಕೊಂಡು, ಪ್ರತಿಸಾರಿ ಹೋಗುವಾಗ ತನ್ನ ಕೈಯಲ್ಲಿಯೇ ಒಯ್ಯಲಿ.