ಟವೆಲ್ ಹಾಕಿದವನ ಸೀಟು

ಬಸ್ಸಿನ ಕಿಟಕಿಯೊಳಗೆ ಟವೆಲ್ ಹಾಕಿ ಸೀಟು ಹಿಡಿಯುವ ವಿದ್ಯೆಯನ್ನು ನಾನು ಕಲಿತದ್ದು ಗದಗದ ಬಸ್ ನಿಲ್ದಾಣದಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಅಪ್ಪ ನನ್ನನ್ನು ಎತ್ತಿ ಕಿಟಕಿಯಿಂದ ಒಳಗೆ ತೂರಿಸುತ್ತಿದ್ದರು. ನಾನು ಟವೆಲ್ ಹಾಸಿ ಕೂತರೆ ಮುಗಿಯಿತು, ಆ ಸೀಟು ನಮ್ಮದು. ಒಮ್ಮೆ ಜಾತ್ರೆಯ ದಿನ ನಮ್ಮ ಸೀಟಿನ ಜೊತೆಗೆ ಎದುರಿನದನ್ನೂ ಹಿಡಿದೆ. ಧೋತರ ಉಟ್ಟ ಒಬ್ಬ ಹಿರಿಯರು ಎರಡು ರೂಪಾಯಿ ಕೊಟ್ಟು ಅಲ್ಲಿ ಕೂತರು. ಬಸ್ಸು ಹೊರಟ ಮೇಲೆ ವಿಷಯ ತಿಳಿದ ಅಪ್ಪ ಆ ಹಣವನ್ನು ನನ್ನ ಕೈಯಿಂದಲೇ ವಾಪಸು ಕೊಡಿಸಿದರು. ಆಮೇಲೆ ಹೇಳಿದ್ದು ಒಂದೇ ಮಾತು: "ಸೀಟ ಹಿಡಿಯೋದು ತಪ್ಪಲ್ಲ. ಮಾರೋದು ತಪ್ಪು."

ಈ ಮಾತನ್ನು ಇಪ್ಪತ್ತೈದು ವರ್ಷ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೇನೆ. 2024ರಲ್ಲಿ ಪುಣೆಯ ಖಡಕಿಯಲ್ಲಿ ಅದನ್ನು ಇನ್ನೊಬ್ಬ ಹುಡುಗನಿಗೆ ಹೇಳಿದೆ. ಹೇಳಿದಾಗ ನಾನು ಸರಿ ಎಂದೇ ಅನ್ನಿಸಿತ್ತು. ಈಗ ಹಾಗನ್ನಿಸುತ್ತಿಲ್ಲ. ಯಾಕೆ ಎಂಬುದನ್ನು ಬರೆದು ನೋಡಬೇಕಾಗಿದೆ.

ಖಡಕಿ ದಂಡಿನ ಊರು. 1817ರಲ್ಲಿ ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ಯುದ್ಧ ನಡೆದ ಜಾಗ. 1869ರಿಂದ ಮದ್ದುಗುಂಡಿನ ಕಾರ್ಖಾನೆ ಇರುವ ಊರು. ಪುಣೆಯ ಐಟಿ ಬಡಾವಣೆಗಳ ಬಾಡಿಗೆ ಕೊಡಲಾಗದ ನಮ್ಮಂಥವರು ಇಲ್ಲಿನ ಬಾಜಾರದ ಹಿಂದಿನ ಗಲ್ಲಿಗಳಲ್ಲಿ ಕೋಣೆ ಹಿಡಿಯುತ್ತೇವೆ. ನಮ್ಮ ಗಲ್ಲಿಯ ಕೊನೆಗೆ ಒಂದು ಖಾನಾವಳಿ. ನಡೆಸುವ ಕಾಕೂ ಅಕ್ಕಲಕೋಟೆ ಕಡೆಯವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಗದಗ, ವಿಜಯಪುರ, ಬೀದರ್ ಕಡೆಯ ಏಳೆಂಟು ಜನ ಅಲ್ಲಿ ಉಣ್ಣುತ್ತೇವೆ. ಕಾಕೂನ ಮಗ ಐಟಿಐ ಓದುತ್ತಾನೆ, ಸಂಜೆ ತಟ್ಟೆ ಬಡಿಸುತ್ತಾನೆ. ನಾವು ಅವನನ್ನು ಕರೆಯುವುದು ತಮ್ಮಾ ಎಂದು. ಅವನಿಗೆ ನಾವು ಅಣ್ಣಂದಿರು.

2024ರ ಸೆಪ್ಟೆಂಬರ್ 22, ಭಾನುವಾರ. ಮಧ್ಯಾಹ್ನ 12 ಗಂಟೆಗೆ ಕೋಲ್ಡ್‌ಪ್ಲೇ ಬ್ಯಾಂಡಿನ ಟಿಕೆಟ್ ಮಾರಾಟ ಶುರುವಾಗುವುದಿತ್ತು. 2025ರ ಜನವರಿ 18 ಮತ್ತು 19ರಂದು ನವಿ ಮುಂಬೈ ನೆರೂಳಿನ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ಎರಡು ಪ್ರದರ್ಶನ. ಆಮೇಲೆ 21ರದ್ದನ್ನೂ ಸೇರಿಸಿದರು. ಈ ಬ್ಯಾಂಡು ಹಿಂದೊಮ್ಮೆ 2016ರ ನವೆಂಬರಿನಲ್ಲಿ ಮುಂಬೈಗೆ ಬಂದಿತ್ತು. ಆಗ ನನ್ನ ಬಳಿ ಹಣವಿರಲಿಲ್ಲ. ಈಗ ಹಣವಿತ್ತು, ಟಿಕೆಟ್ ಸಿಗಬೇಕಿತ್ತು. ಕೂರುವ ಟಿಕೆಟಿನ ದರ 2,500 ರೂಪಾಯಿಯಿಂದ ಶುರು, ವೇದಿಕೆಯ ಮುಂದೆ ನಿಲ್ಲುವುದಕ್ಕೆ 6,450, ಲೌಂಜ್ 35,000. ಒಬ್ಬರಿಗೆ ಹೆಚ್ಚೆಂದರೆ ನಾಲ್ಕು ಟಿಕೆಟ್. ಅಂದು ಒಂದು ಕೋಟಿಗೂ ಹೆಚ್ಚು ಜನ ಲಾಗಿನ್ ಆಗಿದ್ದರೆಂದು ಪತ್ರಿಕೆಗಳು ಬರೆದವು.

ನಾವು ನಾಲ್ವರು ಗೆಳೆಯರು ಖಾನಾವಳಿಯ ಮೇಜಿನ ಮೇಲೆ ಮೂರು ಲ್ಯಾಪ್‌ಟಾಪ್, ನಾಲ್ಕು ಫೋನ್ ಹರಡಿಕೊಂಡು ಬೆಳಗ್ಗೆ ಹತ್ತರಿಂದ ಕೂತಿದ್ದೆವು. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಒಬ್ಬ ಹೇಳಿದ, "ತಮ್ಮಾ, ನಿನ್ನ ಫೋನೂ ಕೊಡೋ." ಕೊಟ್ಟ. ಅವನ ನಂಬರಿನಿಂದ, ಅವನ ಹೆಸರಿನಲ್ಲಿ ಒಂದು ಖಾತೆ ತೆರೆದೆವು. ಹನ್ನೆರಡಾಯಿತು. ನನ್ನ ಮುಂದೆ ಐದು ಲಕ್ಷ ಜನ. ಗೆಳೆಯನೊಬ್ಬನ ಮುಂದೆ ಏಳು ಲಕ್ಷ. ತಮ್ಮನ ಒಡೆದ ಗಾಜಿನ ಫೋನಿನಲ್ಲಿ ಹದಿನೆಂಟು ಸಾವಿರ ಚಿಲ್ಲರೆ.

ಸುಮಾರು ಮುಕ್ಕಾಲು ಗಂಟೆಯ ಬಳಿಕ ಬಾಗಿಲು ತೆರೆಯಿತು. ಜನವರಿ 19ರ, ನಿಲ್ಲುವ ಜಾಗದ ನಾಲ್ಕು ಟಿಕೆಟ್. 25,800 ರೂಪಾಯಿ, ಮೇಲೆ ಒಂದಿಷ್ಟು ಶುಲ್ಕ. ಕಾರ್ಡು ನನ್ನದು. ನಾವು ಕುಣಿದೆವು. ಕಾಕೂ ಹೊರಬಂದು ನೋಡಿ, ಯಾರಿಗೋ ಸರ್ಕಾರಿ ನೌಕರಿ ಸಿಕ್ಕಿತೆಂದು ತಿಳಿದು ಸಕ್ಕರೆ ತಂದರು.

ಸಂಜೆಯ ಹೊತ್ತಿಗೆ ಮರುಮಾರಾಟದ ತಾಣಗಳಲ್ಲಿ ಬೆಲೆ ಹತ್ತು ಪಟ್ಟು ದಾಟಿತ್ತು. ಕೆಲವು ಟಿಕೆಟ್‌ಗಳಿಗೆ ಲಕ್ಷಗಳ ಲೆಕ್ಕ. ಊಟಕ್ಕೆ ಕೂತು ಬ್ಲ್ಯಾಕಿನವರನ್ನು ಬೈಯುತ್ತಿದ್ದೆವು. ರೊಟ್ಟಿ ಬಡಿಸುತ್ತ ತಮ್ಮ ಕೇಳಿದ:

"ಅಣ್ಣಾ, ನಾಲ್ಕರಾಗ ಒಂದು ನಂಗ ಕೊಡ್ತೀರೇನ್ರಿ?"

"ನೀನೂ ಬರ್ತೀ ಏನು?"

"ನಾ ಯಾಕ ಬರ್ಲಿರಿ. ಅವ್ರ ಹಾಡು ನಂಗ ತಿಳಿಯಂಗಿಲ್ಲ. ಮಾರ್ತೀನಿ. ಆರೂವರಿ ಸಾವಿರ ನಿಮಗ ತಿರುಗಿ ಕೊಡ್ತೀನಿ."

ಬರುತ್ತೇನೆ ಎಂದಿದ್ದರೆ ನಮ್ಮಲ್ಲೊಬ್ಬರು ಬಿಟ್ಟುಕೊಡುತ್ತಿದ್ದೆವೋ ಏನೋ. ಆದರೆ ಮಾರುತ್ತೇನೆ ಎಂದ. ಆಗ ನಾನು ಅಪ್ಪನ ಮಾತನ್ನು ಜೇಬಿನಿಂದ ತೆಗೆದೆ. ಸೀಟು ಹಿಡಿಯುವುದು ತಪ್ಪಲ್ಲ, ಮಾರುವುದು ತಪ್ಪು ಎಂದು ಬಸ್ಸಿನ ಕಥೆ ಸಮೇತ ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಗೆಳೆಯನೊಬ್ಬ ಚಹಾ-ಪಾನಿಗೆಂದು ಐನೂರರ ನೋಟು ಕೊಟ್ಟ. ಅವನು ತೆಗೆದುಕೊಂಡು ಒಳಗೆ ಹೋದ.

ಅವನು ಮಾರಬಾರದಿತ್ತು ಎಂಬುದಕ್ಕೆ ಒಳ್ಳೆಯ ಕಾರಣಗಳೇ ಇದ್ದವು. ಅರ್ಥಶಾಸ್ತ್ರ ಓದಿದವರು ಬೇರೆ ಹೇಳುತ್ತಾರೆ: ಹೆಚ್ಚು ಹಣ ಕೊಡುವವನಿಗೇ ಆ ವಸ್ತು ಹೆಚ್ಚು ಬೇಕಾಗಿದೆ, ಬ್ಲ್ಯಾಕಿನವನು ಟಿಕೆಟನ್ನು ಅದು ಸೇರಬೇಕಾದಲ್ಲಿಗೆ ಸೇರಿಸುತ್ತಾನೆ. ಮೈಕಲ್ ಸ್ಯಾಂಡೆಲ್ 2012ರ ತಮ್ಮ ಪುಸ್ತಕದಲ್ಲಿ ಈ ವಾದವನ್ನು ಎದುರಿಸಿದ್ದಾರೆ. ನ್ಯೂಯಾರ್ಕಿನ ಉದ್ಯಾನದಲ್ಲಿ ಶೇಕ್ಸ್‌ಪಿಯರ್ ನಾಟಕ ಉಚಿತ. ಆದರೆ ಕ್ಯೂ ನಿಲ್ಲಲು ಕೂಲಿಯಾಳು ಸಿಗುತ್ತಾನೆ. ಹಣ ಕೊಡಬಲ್ಲವನಿಗೇ ಹೆಚ್ಚು ಆಸೆ ಎನ್ನುವುದು ಸುಳ್ಳು, ಅವನಿಗೆ ಹೆಚ್ಚು ಹಣವಿದೆ ಅಷ್ಟೇ ಎಂಬುದು ಅವರ ಒಂದು ಮಾತು. ಎಲ್ಲರಿಗೂ ಎಂದು ಕೊಟ್ಟದ್ದನ್ನು ಮಾರಿದರೆ ಅದರ ಗುಣವೇ ಕೆಡುತ್ತದೆ ಎಂಬುದು ಇನ್ನೊಂದು. ನಮ್ಮ ಕಾನೂನಿನಲ್ಲೂ ಇದರ ನೆರಳಿದೆ: 2024ರ ಜುಲೈಯಲ್ಲಿ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 112ನೆಯ ಕಲಮು, ಗುಂಪು ಕಟ್ಟಿಕೊಂಡು ಅನಧಿಕೃತವಾಗಿ ಟಿಕೆಟ್ ಮಾರುವುದನ್ನು ಸಣ್ಣ ಸಂಘಟಿತ ಅಪರಾಧಗಳ ಪಟ್ಟಿಗೆ ಸೇರಿಸಿದೆ. ಬ್ಲ್ಯಾಕ್ ಮಾರಾಟ ತಡೆಯಲು ನಿಯಮ ಬೇಕೆಂದು ಹಾಕಿದ್ದ ಅರ್ಜಿಯನ್ನು ಮಾತ್ರ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ವಜಾ ಮಾಡಿತು. ಅದು ಶಾಸನ ಮಾಡುವವರ ಕೆಲಸ ಎಂದಿತು.

ಬ್ಯಾಂಡಿನವರೂ ಒಂದು ಉಪಾಯ ಮಾಡಿದ್ದರು. 2,000 ರೂಪಾಯಿಯ ಕೆಲವು ಟಿಕೆಟ್‌ಗಳನ್ನು ನವೆಂಬರಿನಲ್ಲಿ ಬಿಟ್ಟರು. ಜೋಡಿಯಾಗಿಯೇ ಕೊಳ್ಳಬೇಕು, ಯಾವ ಜಾಗ ಎಂಬುದು ಕಾರ್ಯಕ್ರಮದ ದಿನ ಕೌಂಟರಿನಲ್ಲಿ ಟಿಕೆಟ್ ಪಡೆದಾಗಲೇ ಗೊತ್ತಾಗುವುದು. ಎಲ್ಲಿ ಕೂರುತ್ತೇನೆ ಎಂದು ಗೊತ್ತಿಲ್ಲದ್ದನ್ನು ಮಾರುವುದು ಕಷ್ಟ. ಹಾಡು ಕೇಳಬೇಕೆನ್ನುವವನು ಮಾತ್ರ ಅದನ್ನು ಕೊಳ್ಳುತ್ತಾನೆ.

ಇದೆಲ್ಲ ತಮ್ಮನ ವಿರುದ್ಧದ ವಾದ. ಆದರೆ ಇದೇ ವಾದವನ್ನು ನನ್ನ ಕಡೆ ತಿರುಗಿಸಿ ನೋಡಿದ್ದು ತಡವಾಗಿ.

ಮೊದಲನೆಯದಾಗಿ, ನಾವು ಕ್ಯೂ ಎಂದು ಕರೆಯುತ್ತಿದ್ದದ್ದು ಕ್ಯೂ ಆಗಿರಲಿಲ್ಲ. ಹತ್ತರಿಂದ ಕೂತವನಿಗೆ ಐದು ಲಕ್ಷ, ಹತ್ತು ನಿಮಿಷ ಮುಂಚೆ ಬಂದವನಿಗೆ ಹದಿನೆಂಟು ಸಾವಿರ ಬಂದರೆ, ಅದು ಕಾದವನಿಗೆ ಬೆಲೆ ಕೊಡುವ ಸಾಲಲ್ಲ. ಚೀಟಿ ಎತ್ತುವ ಆಟ. ಚೀಟಿ ಆಟದಲ್ಲಿ ನ್ಯಾಯ ಇರುವುದು ಒಂದೇ ಕಡೆ: ಒಬ್ಬರಿಗೆ ಒಂದು ಚೀಟಿ. ಒಬ್ಬರಿಗೆ ನಾಲ್ಕೇ ಟಿಕೆಟ್ ಎಂಬ ನಿಯಮದ ಹಿಂದೆ ಇದ್ದದ್ದೂ ಅದೇ ಆಶಯ.

ಹಾಗಾದರೆ ತಮ್ಮನ ಫೋನಿನ ಚೀಟಿ ಯಾರದು? ಎರಡೇ ಉತ್ತರ ಸಾಧ್ಯ. ಅದು ನಮ್ಮದು, ಅವನ ಹೆಸರು ಬರೀ ನೆಪ ಎಂದರೆ, ನಾವು ಹೆಚ್ಚಿನ ಚೀಟಿ ಹಾಕಿ ಆಟ ಕೆಡಿಸಿದೆವು; ಒಂದೊಂದೇ ಫೋನ್ ಹಿಡಿದು ಕಾದಿದ್ದ ಲಕ್ಷಾಂತರ ಜನರಿಗೆ ಮೋಸ ಮಾಡಿದೆವು. ಇಲ್ಲ, ಅವನೂ ಒಬ್ಬ ಮನುಷ್ಯ, ಅವನ ಚೀಟಿ ನ್ಯಾಯವಾದದ್ದೇ ಎಂದರೆ, ಆ ಚೀಟಿ ಅವನದು. ಅದಕ್ಕೆ ಬಂದ ಅದೃಷ್ಟವೂ ಅವನದು. ಆಗ ನಾವು ಅವನಿಗೆ ಮೋಸ ಮಾಡಿದೆವು. ಕೋಟಿ ಜನಕ್ಕೋ, ಒಬ್ಬನಿಗೋ. ಇಬ್ಬರಿಗೂ ಮೋಸವಾಗದ ಮೂರನೆಯ ದಾರಿಯನ್ನು ಬಹಳ ಹುಡುಕಿದೆ. ಸಿಗಲಿಲ್ಲ.

ಹಣ ನಾನು ಕೊಟ್ಟೆನಲ್ಲ ಎಂದು ಒಂದು ಸಮಾಧಾನ ಮಾಡಿಕೊಂಡಿದ್ದೆ. ಅದೂ ನಿಲ್ಲುವುದಿಲ್ಲ. ಆ ದಿನ 25,800 ರೂಪಾಯಿ ಇಟ್ಟುಕೊಂಡವರು ಲಕ್ಷಗಟ್ಟಲೆ ಜನ ಇದ್ದರು. ಅಪರೂಪವಾಗಿದ್ದದ್ದು ಹಣವಲ್ಲ, ಹದಿನೆಂಟು ಸಾವಿರ ಎಂಬ ಆ ಸಂಖ್ಯೆ. ಅದನ್ನು ನಾವು ಐನೂರು ರೂಪಾಯಿಗೆ ಕೊಂಡೆವು. ಮಾರುವುದು ತಪ್ಪು ಎಂದು ಮಾರಿದವನಿಗೆ ಬುದ್ಧಿ ಹೇಳಿ, ಕೊಂಡ ನಾವು ಸುಮ್ಮನಿದ್ದೆವು. ಬೇರೆಯವರಿಗೆ ಮಾರಿದರೆ ಕಾಳಸಂತೆ, ನಮಗೆ ಅಗ್ಗಕ್ಕೆ ಕೊಟ್ಟರೆ ಸ್ನೇಹ.

ಡಿಸೆಂಬರಿನಲ್ಲಿ ಎಂದಿನಂತೆ ಸವಾಯಿ ಗಂಧರ್ವ ಮಹೋತ್ಸವಕ್ಕೆ ಹೋದೆ. ಕುಂದಗೋಳದ ಗುರುವಿನ ಹೆಸರಿನಲ್ಲಿ, ನಮ್ಮ ಗದಗಿನ ಕಡೆಯ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಉತ್ಸವ. ಹೊಟ್ಟೆಪಾಡಿಗೆ ಇಲ್ಲಿಗೆ ಬಂದ ಕನ್ನಡದವನಿಗೆ ಇದು ಸ್ವಲ್ಪ ತವರುಮನೆ. ಅಲ್ಲಿಯೂ ಮುಂದಿನ ಸೋಫಾಕ್ಕೆ ಒಂದು ದರ, ಕುರ್ಚಿಗೆ ಒಂದು, ನೆಲದ ಬೈಠಕ್ಕಿಗೆ ಒಂದು. ನೆಲದಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ದೊಡ್ಡ ಚಾದರ ಹಾಸಿ, ಬರುವವರಿಗೆಂದು ಜಾಗ ಹಿಡಿದಿದ್ದರು. ಹೊತ್ತು ಏರಿತು, ಜನ ತುಂಬಿತು. ಒಬ್ಬ ಹುಡುಗಿ ಬಂದು ನಿಂತಳು. ಅಜ್ಜಿ ಏನೂ ಮಾತಾಡದೆ ಚಾದರದ ಒಂದು ಅಂಚನ್ನು ಮಡಚಿದರು. ಇನ್ನೊಬ್ಬರು ಬಂದಾಗ ಇನ್ನೊಂದು ಮಡಿಕೆ. ಕೊನೆಗೆ ಅವರ ಮನೆಯವರು ಬಂದಾಗ ಉಳಿದದ್ದು ಮೊಣಕಾಲು ತಾಗಿಸಿ ಕೂರುವಷ್ಟು ಜಾಗ. ಅವರೂ ಹಾಗೆಯೇ ಕೂತರು.

ಅಪ್ಪನ ಮಾತಿನಲ್ಲಿ ನಾನು ಕೇಳಿಸಿಕೊಳ್ಳದೆ ಬಿಟ್ಟದ್ದು ಏನೆಂದು ಆಗ ಹೊಳೆಯಿತು. ಸೀಟು ಹಿಡಿಯುವುದು ಯಾಕೆ ತಪ್ಪಲ್ಲ? ನಾನು ಹಿಡಿದದ್ದು ಅಪ್ಪ, ಅವ್ವ, ತಂಗಿಗಾಗಿ. ಹಿಡಿದ ಸೀಟಿನಲ್ಲಿ ನಾನೂ ಕೂರುತ್ತಿದ್ದೆ, ಅಪ್ಪನ ತೊಡೆಯ ಮೇಲಾದರೂ. ಕಿಟಕಿಯಿಂದ ತೂರಿಸಿದ ಹುಡುಗನನ್ನು ಸೀಟು ಸಿಕ್ಕ ಮೇಲೆ ಯಾರೂ ಬಸ್ಸಿನಿಂದ ಇಳಿಸುವುದಿಲ್ಲ. ನಮ್ಮವರು ಎಂಬುದರ ಅರ್ಥ ಅಷ್ಟೇ: ಹಿಡಿಯುವಾಗಲೂ ಜೊತೆ, ಹಂಚುವಾಗಲೂ ಜೊತೆ. ನಾವು ತಮ್ಮನನ್ನು ಹನ್ನೆರಡು ಗಂಟೆಗೆ ಹತ್ತು ನಿಮಿಷವಿದ್ದಾಗ ತಮ್ಮ ಎಂದೆವು. ಸಂಜೆ ಊಟಕ್ಕೆ ಕೂತಾಗ ಅವನು ಖಾನಾವಳಿಯ ಹುಡುಗನಾಗಿದ್ದ.

ಅವನು ಪಾಲು ಪಡೆದು ಮಾರಿದ್ದರೆ ಅದು ಸರಿಯೇ? ಅಲ್ಲ ಎಂದೇ ಈಗಲೂ ಅನ್ನಿಸುತ್ತದೆ. ಆದರೆ ಅದು ಅವನ ತಪ್ಪಾಗಿರುತ್ತಿತ್ತು. ಅದನ್ನು ಮಾಡುವ ಅಥವಾ ಬಿಡುವ ಹಕ್ಕು ಅವನದಾಗಿರುತ್ತಿತ್ತು. ಒಬ್ಬನ ಪಾಲನ್ನು ಕಸಿದುಕೊಂಡು, ನೀನು ಅದನ್ನು ಕೆಟ್ಟದ್ದಕ್ಕೆ ಬಳಸುತ್ತಿದ್ದೆ ಎನ್ನುವುದು ಹಳೆಯ ಚಾಳಿ. ಗೌಡರು ಹೊಲ ಬರೆಸಿಕೊಂಡಾಗಲೂ, ಕುಡಿದು ಹಾಳು ಮಾಡುತ್ತಿದ್ದ ಎನ್ನುತ್ತಿದ್ದರು.

ಇಷ್ಟು ತಿಳಿದ ಮೇಲೂ ಜನವರಿ 19ರಂದು ನಾವು ನಾಲ್ವರೂ ನೆರೂಳಿಗೆ ಹೋದೆವು. ನನ್ನ ಟಿಕೆಟ್ ಬಿಟ್ಟುಕೊಡಲಿಲ್ಲ. ಒಂಬತ್ತು ವರ್ಷದ ಆಸೆ ದೊಡ್ಡದಿತ್ತು, ತಿಳಿವಳಿಕೆ ಸಣ್ಣದಿತ್ತು. ಎಲ್ಲರ ಕೈಗೂ ಕಟ್ಟಿದ್ದ ದೀಪದ ಪಟ್ಟಿಗಳು ಒಮ್ಮೆಲೇ ಹೊತ್ತಿಕೊಂಡಾಗ ಕಣ್ಣಲ್ಲಿ ನೀರು ಬಂತು. ಹಾಡು ಸುಳ್ಳಾಗಲಿಲ್ಲ, ನಮ್ಮ ಲೆಕ್ಕ ಸರಿಯಿಲ್ಲವೆಂದು ಅದು ಕಡಿಮೆ ಚೆನ್ನಾಗಿಯೂ ಕೇಳಿಸಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು. ತಪ್ಪು ಮಾಡಿದರೆ ಸುಖ ಸಿಗುವುದಿಲ್ಲ ಎಂದು ಯಾರು ಹೇಳಿದರೋ.

ಜನವರಿ 26ರಂದು ಅಹಮದಾಬಾದಿನ ಪ್ರದರ್ಶನ ಡಿಸ್ನಿ ಹಾಟ್‌ಸ್ಟಾರಿನಲ್ಲಿ ನೇರ ಬಂತು. ಊಟಕ್ಕೆ ಹೋದರೆ ತಮ್ಮ ಅದೇ ಒಡೆದ ಗಾಜಿನ ಫೋನನ್ನು ಉಪ್ಪಿನಕಾಯಿ ಬರಣಿಗೆ ಒರಗಿಸಿ ನೋಡುತ್ತಿದ್ದ. "ನಿಮ್ಮವ್ರು ಬಂದಾರ ನೋಡ್ರಿ ಅಣ್ಣಾ. ಅಂಥಾ ಏನ್ ಕೆಟ್ಟ ಹಾಡಂಗಿಲ್ಲ," ಎಂದ.

ಅವನ ಪಕ್ಕ ಕೂತು ಹೇಳಿದೆ, "ತಮ್ಮಾ, ಆ ದಿನ ನಿನಗೊಂದು ಟಿಕೆಟ್ ಕೊಡಬೇಕಾಗಿತ್ತೋ. ನಾವು ಮಾಡಿದ್ದು ತಪ್ಪು." ಬೆಲೆ ಎಷ್ಟೆಂದು ನೀನೇ ಹೇಳು, ಕೊಡುತ್ತೇನೆ ಎಂದೂ ಅಂದೆ.

ಅವನಿಗೆ ನಾಚಿಕೆಯಾಯಿತು. "ಬಿಡ್ರಿ ಅಣ್ಣಾ, ಆಗಿ ಹೋತು," ಎಂದು ಎದ್ದು ಚಟ್ನಿ ತರಲು ಹೋದ. ತಿರುಗಿ ಬಂದು ತಟ್ಟೆಗೆ ಬಡಿಸುವಾಗ ತಲೆ ಎತ್ತದೆಯೇ ಹೇಳಿದ:

"ರೊಕ್ಕ ಬ್ಯಾಡ್ರಿ. ಮುಂದ ಯಾವುದರ ಮ್ಯಾಚ್ ಬಂದ್ರ ಫೋನ್ ಕೊಡ್ತೀನಿ. ಖರೇ, ಮೊದಲ ಮಾತಾಡೂಣು. ನಾಲ್ಕರಾಗ ಒಂದು ನಂದು. ಅದರಾಗ ನಾ ಕೂಡ್ತೀನೋ ಮಾರ್ತೀನೋ, ಕೇಳಬ್ಯಾಡ್ರಿ."

"ಆತು," ಎಂದೆ.