ಗೋಡೆ ಯಾರಪ್ಪನದ್ದು?

ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಒಂದು ಗ್ರಾಫಿಟಿ ಗೋಡೆ ಇದೆ. ಇಟ್ಟಿಗೆ ಕಾಣುವ ಹಾಗೆ ವಾಲ್‌ಪೇಪರ್ ಅಂಟಿಸಿ, ಅದರ ಮೇಲೆ ಸ್ಪ್ರೇ ಕ್ಯಾನಿನಲ್ಲಿ ದಪ್ಪ ದಪ್ಪ ಇಂಗ್ಲಿಷ್ ಅಕ್ಷರ ಬರೆಸಿದ್ದಾರೆ. ಬಣ್ಣ ಸೋರಿದ್ದನ್ನೂ ಅಳತೆ ಮಾಡಿ ಸೋರಿಸಿದ್ದಾರೆ. ಡಿಸೈನರ್‌ಗೆ ದುಡ್ಡು ಕೊಟ್ಟು ಮಾಡಿಸಿದ್ದು. ಅದೇ ಕಟ್ಟಡದ ಹೊರಗಿನ ಕಾಂಪೌಂಡಿನಲ್ಲಿ ‘ಗೋಡೆಯ ಮೇಲೆ ಬರೆಯುವವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು’ ಅಂತ ಇದೆ. ಅದನ್ನೂ ಗೋಡೆಯ ಮೇಲೇ ಬರೆದಿದ್ದಾರೆ ಅನ್ನೋದು ಬೇರೆ ಮಾತು.

ಗ್ರಾಫಿಟಿ ಕಲೆಯೋ ಕಿಡಿಗೇಡಿತನವೋ ಅನ್ನೋ ಪ್ರಶ್ನೆಯಲ್ಲೇ ಒಂದು ಬಗ್ ಇದೆ ಅಂತ ನನಗನ್ನಿಸುತ್ತೆ. ಎರಡು ಬೇರೆ ಬೇರೆ ಪ್ರಶ್ನೆಗಳನ್ನ ಒಂದೇ ಇಫ್-ಎಲ್ಸ್ ಒಳಗೆ ತುರುಕಿದ್ದೀವಿ. ಚೆನ್ನಾಗಿದೆಯಾ ಅನ್ನೋದು ಒಂದು. ಕೇಳಿ ಬರೆದರಾ ಅನ್ನೋದು ಇನ್ನೊಂದು. ಪಕ್ಕದ ತೋಟದಿಂದ ಕದ್ದ ಮಾವಿನಹಣ್ಣು ಸಿಹಿಯಾಗಿದೆ ಅಂದಮಾತ್ರಕ್ಕೆ ಅದು ಕದ್ದದ್ದಲ್ಲ ಅಂತ ಆಗಲ್ಲ. ಕದ್ದದ್ದು ಅಂತ ಹುಳಿಯಾಗೋದೂ ಇಲ್ಲ.

ಇದು ತೀರಾ ತಲೆಕೆಳಗಾದ ಒಂದು ಕೇಸು ನ್ಯೂಯಾರ್ಕಿನಲ್ಲಿ ನಡೀತು. ಕ್ವೀನ್ಸ್‌ನಲ್ಲಿ ‘ಫೈವ್ ಪಾಯಿಂಟ್ಸ್’ ಅಂತ ಹಳೇ ಫ್ಯಾಕ್ಟರಿ ಕಟ್ಟಡಗಳ ಒಂದು ಗುಂಪು ಇತ್ತು. ಮಾಲೀಕ ಜೆರ್ರಿ ವೋಲ್ಕಾಫ್ ಗೋಡೆಗಳನ್ನ ಗ್ರಾಫಿಟಿ ಕಲಾವಿದರಿಗೆ ಬಿಟ್ಟುಕೊಟ್ಟಿದ್ದ. 2002ರಿಂದ ಮೆರೆಸ್ ಒನ್ ಅನ್ನೋ ಹೆಸರಿನ ಕಲಾವಿದ ಅದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಮೆಟ್ರೋದಲ್ಲಿ ಹೋಗುವವರಿಗೆ ಕಿಟಕಿಯಿಂದಲೇ ಕಾಣುತ್ತಿತ್ತು, ಪ್ರವಾಸಿಗರೂ ಹುಡುಕಿಕೊಂಡು ಬರುತ್ತಿದ್ದರು. ಆಮೇಲೆ ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟೋಣ ಅಂತ ಮಾಲೀಕನಿಗೆ ಅನ್ನಿಸ್ತು. ಕಲಾವಿದರು ಕೋರ್ಟಿಗೆ ಹೋದರು. 2013ರ ನವೆಂಬರ್‌ನಲ್ಲಿ ಒಂದು ರಾತ್ರಿ ಆತ ಇಡೀ ಕಟ್ಟಡಕ್ಕೆ ಬಿಳಿ ಬಣ್ಣ ಬಳಿಸಿಬಿಟ್ಟ. ಕಟ್ಟಡ ಕೆಡವಿದ್ದು ಮರುವರ್ಷ. ಅಂದ್ರೆ ಹೇಗೂ ಕೆಡವೋ ಗೋಡೆಗೆ ಸುಣ್ಣ ಹೊಡೆಸಿದ ಹಾಗಾಯ್ತು.

ಅಮೆರಿಕದಲ್ಲಿ 1990ರ ಒಂದು ಕಾನೂನು ಇದೆ: ಕೃತಿ ಇನ್ನೊಬ್ಬರ ಸ್ವತ್ತಿನ ಮೇಲಿದ್ದರೂ, ಅದಕ್ಕೆ ಮನ್ನಣೆ ಸಿಕ್ಕಿದ್ದರೆ, ಅದನ್ನ ಬೇಕುಬೇಕಾದ ಹಾಗೆ ನಾಶ ಮಾಡುವಂತಿಲ್ಲ. ಕಟ್ಟಡದಿಂದ ತೆಗೆಯಬಹುದಾದ ಕೃತಿಯಾದರೆ 90 ದಿನ ಮೊದಲೇ ನೋಟಿಸ್ ಕೊಡಬೇಕು. 2018ರಲ್ಲಿ ನ್ಯಾಯಾಧೀಶ ಫ್ರೆಡರಿಕ್ ಬ್ಲಾಕ್ 45 ಕೃತಿಗಳಿಗೆ ತಲಾ ಒಂದೂವರೆ ಲಕ್ಷ ಡಾಲರ್ ಹಾಕಿ, 21 ಕಲಾವಿದರಿಗೆ ಒಟ್ಟು 67.5 ಲಕ್ಷ ಡಾಲರ್ ಕೊಡಿ ಅಂದರು. 2020ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು ನಿಂತಿತು. ಸ್ವಂತ ಗೋಡೆಗೆ ಸ್ವಂತ ದುಡ್ಡಲ್ಲಿ ಬಣ್ಣ ಹೊಡೆಸಿದವನೇ ಇಲ್ಲಿ ಕಿಡಿಗೇಡಿ ಆದ! ತಾಳ್ಮೆಯಿಂದ ಕಾದು, ಕಲಾವಿದರಿಗೆ ಸಮಯ ಕೊಟ್ಟಿದ್ದರೆ ಇಷ್ಟು ದಂಡ ಬೀಳ್ತಿರಲಿಲ್ಲ ಅಂತಲೂ ಬ್ಲಾಕ್ ಹೇಳಿದ್ದರು.

ನಮ್ಮಲ್ಲೂ ಇಂಥದ್ದಿದೆ, ಗ್ರಾಫಿಟಿಯದ್ದಲ್ಲ ಅಷ್ಟೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನ 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. ಕೊಂಡುಕೊಂಡ ಮೇಲೆ ಅದು ನಮ್ಮ ಸ್ವತ್ತು ಅನ್ನೋದು ಸರ್ಕಾರದ ವಾದ. 2005ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ, ಕೃತಿಯನ್ನ ವಾಪಸ್ ಕೊಟ್ಟು ಐದು ಲಕ್ಷ ಪರಿಹಾರವನ್ನೂ ಕೊಡಿ ಅಂದಿತು. ಗೋಡೆಯ ಒಡೆತನ ಬೇರೆ, ಗೋಡೆ ಮೇಲಿರೋದರ ಒಡೆತನ ಬೇರೆ.

ಇಷ್ಟೆಲ್ಲ ಓದಿದ ಮೇಲೆ ನಾನು ಕಲಾವಿದರ ಪಾರ್ಟಿ ಅಂತ ನೀವಂದುಕೊಳ್ಳಬಹುದು. ಪೂರ್ತಿ ಅಲ್ಲ. ಫೈವ್ ಪಾಯಿಂಟ್ಸ್‌ನಲ್ಲಿ ಅನುಮತಿ ಇತ್ತು, ಅದು ದೊಡ್ಡ ವಿಷಯ.

ನಾನು ಸಾಗರದ ಕಡೆಯವನು. ನಮ್ಮಲ್ಲಿ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೀತಾರೆ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಬರೆಯೋರು ಹೆಂಗಸರು. ಕೆಳಗೆ ಯಾರ ಸಹಿಯೂ ಇರಲ್ಲ. ಮಳೆಗಾಲಕ್ಕೆ ಗೋಡೆ ಹಾಳಾದರೆ ಮತ್ತೆ ಸಾರಿಸಿ, ಮದುವೆ ಬಂದಾಗ ಮತ್ತೆ ಬರೀತಾರೆ. ಆ ಗೋಡೆ ಅಂದ್ರೆ ಸುಮ್ನೆ ಸಪಾಟಾದ ಜಾಗ ಅಲ್ಲ, ಯಾರೋ ಬಗ್ಗಿ ಮಣ್ಣು ಕಲಸಿದ ಕೆಲಸ ಅದರಲ್ಲಿದೆ. ಹೀಗಾಗಿ ‘ಗೋಡೆ ಖಾಲಿ ಇತ್ತು, ಬರೆದೆ’ ಅನ್ನೋ ಸಿಟಿ ಹುಡುಗರ ಮಾತು ನನಗೆ ಇಳಿಯಲ್ಲ.

ಆದ್ರೆ ಅದೇ ಊರಿನಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ರಸ್ತೆ ಬದಿಯ ನಮ್ಮ ಮನೆ ಗೋಡೆಗೆ ಒಂದು ಸಿಮೆಂಟ್ ಕಂಪನಿಯವರು ಬಂದು ಜಾಹೀರಾತು ಬರೆದು ಹೋದರು. ಅಪ್ಪ ಗದ್ದೆಯಿಂದ ಬರೋದರೊಳಗೆ ಅರ್ಧ ಮುಗಿದಿತ್ತು. ಜಗಳ ಮಾಡಿದ್ದಕ್ಕೆ ಎರಡು ಟೀ ಶರ್ಟು ಕೊಟ್ಟರು. ಅವರನ್ನ ಯಾರೂ ಕಿಡಿಗೇಡಿಗಳು ಅನ್ನಲಿಲ್ಲ, ‘ಕಂಪನಿಯವರು’ ಅಂದರು. ಕರ್ನಾಟಕದಲ್ಲಿ ತೆರೆದ ಸ್ಥಳಗಳ ವಿರೂಪ ತಡೆಯೋಕೆ 1981ರಿಂದಲೇ ಕಾಯ್ದೆ ಇದೆ. ಆದ್ರೂ ಹುಟ್ಟುಹಬ್ಬದ ಪೋಸ್ಟರು, ಪಿಜಿ ಜಾಹೀರಾತು, ‘ನಾಲ್ಕೇ ವಾರದಲ್ಲಿ ಇಂಗ್ಲಿಷ್’, ಇವೆಲ್ಲ ನಮ್ಮ ಕಣ್ಣಿಗೆ ವಿರೂಪ ಅಂತ ಕಾಣಿಸೋದೇ ಇಲ್ಲ. ಒಬ್ಬ ಹುಡುಗ ರಾತ್ರಿ ಹೊತ್ತು ತನ್ನ ಹೆಸರು ಬರೆದರೆ ಮಾತ್ರ ಕಾಣಿಸುತ್ತೆ. ಈ ತಾರತಮ್ಯಕ್ಕೂ ಕಲೆಗೂ ಸಂಬಂಧ ಇಲ್ಲ, ಹಿಂದೆ ಯಾರಿದ್ದಾರೆ ಅನ್ನೋದರ ಲೆಕ್ಕ ಅಷ್ಟೆ.

ಒಂದು ವಿಷಯದಲ್ಲಿ ಮಾತ್ರ ನಾನು ಹಠಮಾರಿ. ಹಳೇ ಗುಡಿ, ಕೋಟೆಗಳ ಕಲ್ಲಿನ ಮೇಲೆ ಮೊಳೆಯಲ್ಲಿ ಹೃದಯ ಕೆತ್ತೋರಿಗೆ ಯಾವ ವಾದವೂ ಬೇಡ. ಗ್ರೀಸಿನ ಸೂನಿಯನ್ ದೇವಾಲಯದ ಕಂಬದ ಮೇಲೆ ಲಾರ್ಡ್ ಬೈರನ್ ಹೆಸರಿದೆ, ಈಗ ಅದನ್ನೂ ನೋಡೋಕೆ ಜನ ಹೋಗ್ತಾರೆ, ನಿಜ. ಹಾಗಂತ ನಮ್ಮ ರಮೇಶ-ಪುಷ್ಪಾ ಜೋಡಿಗೆ ರಿಯಾಯಿತಿ ಸಿಗಲ್ಲ. ಸುಣ್ಣದ ಗೋಡೆಗೆ ಮತ್ತೆ ಸುಣ್ಣ ಹೊಡೀಬಹುದು, ಕಲ್ಲಿಗೆ ಆಗಲ್ಲ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಅಂತ 2010ರ ತಿದ್ದುಪಡಿ ಹೇಳುತ್ತೆ. ಆ ದಂಡ ನನಗೆ ಜಾಸ್ತಿ ಅನ್ನಿಸಿಲ್ಲ.

ಇನ್ನು ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಕೊಳ ಬರೆದು ಮೊಸಳೆ ತಂದಿಟ್ಟರು, ಕೆಲವೇ ದಿನದಲ್ಲಿ ಗುಂಡಿ ಮುಚ್ಚಿತು. ರಸ್ತೆ ಎಲ್ಲರದ್ದು, ಹಾಳು ಮಾಡಿದ್ದು ಬೇರೆಯವರು, ಬಣ್ಣ ಹಾಕಿದವರು ತೋರಿಸಿಕೊಟ್ಟರು ಅಷ್ಟೆ. ಕೇಳಿ ಬರೆದರಾ ಅಂತ ಅಲ್ಲಿ ಯಾರು ಯಾರನ್ನ ಕೇಳಬೇಕು?

ಸ್ಪ್ರೇ ಕ್ಯಾನ್ ಹಿಡಿದ ಹುಡುಗ ಸಿಕ್ಕಿದ್ರೆ ನಾನು ಹೇಳೋದು ಒಂದೇ. ಔಟರ್ ರಿಂಗ್ ರೋಡಿನ ಫ್ಲೈಓವರ್ ಕಂಬ ಇದೆಯಲ್ಲ, ಅಲ್ಲಿ ಬರಿ, ಸಿಕ್ಕಿಬಿದ್ದರೆ ದಂಡ ಕಟ್ಟು. ಕೆಳಗಿರೋ ಇಸ್ತ್ರಿ ಅಂಗಡಿಯ ಶಟರ್ ಮುಟ್ಟಬೇಡ. ಅದಕ್ಕೆ ಮತ್ತೆ ಬಣ್ಣ ಹೊಡೆಸೋಕೆ ಆತ ಎಷ್ಟು ಶರ್ಟು ಉಜ್ಜಬೇಕು ಅಂತ ಹೋಗಿ ಕೇಳಿ ನೋಡು.