ಗಾಯರಾಣ ಯಾರದು?

ಪರಿಸರ ಎಂಬ ಮಾತು ನಮ್ಮ ಕೇರಿಗಳಿಗೆ ಬಹಳ ತಡವಾಗಿ ಬಂತು. ಅದು ಬರುವ ಮೊದಲೂ ನಮಗೆ ಗಿಡ ಗೊತ್ತಿತ್ತು, ಹಳ್ಳ ಗೊತ್ತಿತ್ತು. ಗಿಡ ಅಂದರೆ ಒಲೆಗೆ ಕಟಗಿ. ಹಳ್ಳ ಅಂದರೆ ಊರ ಬಾವಿ ಮುಟ್ಟಲಾಗದವರ ನೀರು. ಗಾಯರಾಣ ಅಂದರೆ ಎರಡು ಆಡು ಮೇಯಿಸಲು, ಕುಳ್ಳಿಗೆ ಸಗಣಿ ಆರಿಸಲು, ಸತ್ತ ದನ ಸುಲಿಯಲು ನಮಗಿದ್ದ ಜಾಗ. ನಿಸರ್ಗ ಉಳಿಸಿರಿ ಎಂದು ಯಾರಾದರೂ ಹೇಳಿದರೆ ನಾವು ಕೇಳುವ ಪ್ರಶ್ನೆ ಒಂದೇ: ಯಾರಿಗಾಗಿ, ಯಾರ ಪಾಲಿನಿಂದ?

ಈ ಪ್ರಶ್ನೆಯನ್ನು ಶಿವರಾಮ ಕಾರಂತರ ಬದುಕಿನ ಮುಂದೆ ಇಟ್ಟು ನೋಡಬೇಕು. ಏಕೆಂದರೆ ನೆಲ ಜಲಗಳ ಪರವಾಗಿ ಅವರಷ್ಟು ದೂರ ನಡೆದ ಕನ್ನಡ ಲೇಖಕರು ಕಡಿಮೆ. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ಹಿಂದಿರುಗಿಸಿದ ಮನುಷ್ಯ ಅವರು. ಜ್ಞಾನಪೀಠ ಬಂದ ಮೇಲೂ ಸುಮ್ಮನೆ ಕೂಡಲಿಲ್ಲ. ಕೈಗಾ ಅಣುಸ್ಥಾವರದ ವಿರುದ್ಧ ಊರೂರು ತಿರುಗಿದರು. 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಸ್ಥಾವರ ಎದ್ದು ನಿಂತಿತು. ಕಾರಂತರು 1997ರಲ್ಲಿ ತೀರಿಕೊಂಡರು.

ಅವರು ಸೋಲದ ಹೋರಾಟವೂ ಒಂದಿದೆ. 1984ರಲ್ಲಿ ರಾಜ್ಯ ಸರ್ಕಾರವು ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿತು. ಸುಮಾರು 30 ಸಾವಿರ ಹೆಕ್ಟೇರ್, ಅಂದರೆ 75 ಸಾವಿರ ಎಕರೆ ಊರೊಟ್ಟಿನ ನೆಲವನ್ನು 40 ವರ್ಷ ಆ ಕಂಪನಿಗೆ ಬಿಟ್ಟುಕೊಡುವ ಏರ್ಪಾಟು ಅದು. ಆಡು ಮೇಯುವಲ್ಲಿ ನೀಲಗಿರಿ ಬೆಳೆಯಬೇಕು, ಅದು ಕಾರ್ಖಾನೆಗೆ ಹೋಗಬೇಕು. ಸಮಾಜ ಪರಿವರ್ತನ ಸಮುದಾಯದ ಜೊತೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಕಾರಂತರೂ ಇದ್ದರು. 1987ರಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಮಂದಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಕಂಪನಿ ಮುಚ್ಚುವ ತೀರ್ಮಾನವಾಯಿತು.

ಇಲ್ಲಿಯವರೆಗೆ ಎಲ್ಲರೂ ಚಪ್ಪಾಳೆ ತಟ್ಟಬಹುದು. ಆದರೆ ಇದೇ ಕಾರಂತರು 1933ರಲ್ಲಿ 'ಚೋಮನ ದುಡಿ' ಬರೆದವರು. ಹೊಲೆಯರ ಚೋಮನ ಹತ್ತಿರ ಎತ್ತುಗಳಿದ್ದವು, ತೋಳಲ್ಲಿ ಬಲವಿತ್ತು, ಉಳುವ ಆಸೆಯಿತ್ತು. ನೆಲ ಮಾತ್ರ ಸಿಗಲಿಲ್ಲ. ಸಾಲ ಅವನನ್ನೂ ಅವನ ಮಕ್ಕಳನ್ನೂ ತಿಂದಿತು, ಕೊನೆಗೆ ಉಳಿದದ್ದು ದುಡಿಯ ಸದ್ದು. ಈಗ ಕುಸನೂರಿನ ಗಾಯರಾಣಕ್ಕೆ ಆ ಚೋಮ ನೇಗಿಲು ಹೊತ್ತು ಬಂದನೆಂದು ಇಟ್ಟುಕೊಳ್ಳಿರಿ. "ಇದನ್ನ ನನಗ ಕೊಡ್ರಿ, ಉಳತೀನಿ" ಅಂತಾನೆ. ಗಾಯರಾಣ ಗಾಯರಾಣವಾಗಿಯೇ ಇರಲಿ ಎನ್ನುವ ಪರಿಸರವಾದಿ ಅವನಿಗೆ ಏನು ಹೇಳಬೇಕು? ಒಂದೇ ನೆಲದ ಮೇಲೆ ಎರಡು ನ್ಯಾಯ ಎದುರಾಬದುರು ನಿಂತಿವೆ.

ಇದು ಕಟ್ಟಿ ಹೇಳಿದ ತೊಡಕಲ್ಲ. ಬಗರ್‌ಹುಕುಂ ಅರ್ಜಿ ಹಿಡಿದು ಕಚೇರಿ ಅಲೆಯುವ ನಮ್ಮವರೆಲ್ಲ ಈ ಚೋಮನೇ. ತುಂಡು ನೆಲ ಉತ್ತರೆ ಅವನಿಗೆ 'ಒತ್ತುವರಿದಾರ' ಎಂಬ ಹೆಸರು. ಊರ ಗೌಡ ಗಾಯರಾಣದ ಅಂಚನ್ನು ಹೊಲಕ್ಕೆ ಸೇರಿಸಿಕೊಂಡರೆ ಅದಕ್ಕೆ ಯಾವ ಹೆಸರೂ ಇಲ್ಲ.

ನಮ್ಮ ಉತ್ತರ ಹೀಗಿದೆ. ಭೂಮಿ ಇಲ್ಲದವನಿಗೆ ಭೂಮಿ ಬೇಕು ಎಂದ ಕೂಡಲೆ ಗಾಯರಾಣದ ಕಡೆ ಬೆರಳು ತೋರಿಸುವುದೇ ಒಂದು ಹೂಟ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಊರುಗಳು ಮುಳುಗಿದವು. ಆ ಕಾಲುವೆಯ ನೀರು ಗೋಕಾಕ, ಮೂಡಲಗಿ ಕಡೆಯ ಕಬ್ಬಿಗೆ ಹರಿಯಿತು. ನೀರು ಹೊಲ ಇದ್ದವನ ಹೊಲಕ್ಕೇ ಹೋಗುತ್ತದೆ, ಹೊಲ ಇಲ್ಲದವನಿಗೆ ಕಬ್ಬು ಕಡಿಯುವ ಕೂಲಿ. ಅತಿಯಾಗಿ ನೀರು ಕುಡಿದ ನೆಲ ಸವಳಾದರೂ ಕೂಲಿ ಕಳೆದುಕೊಳ್ಳುವವನು ಇವನೇ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದಾಗ ಹೊಳೆ ದಂಡೆಯ ಬಡವರ ಮನೆ ಬಿದ್ದವು. 1974ರ ಭೂಸುಧಾರಣೆ ಗೇಣಿದಾರನಿಗೆ ನೆಲ ಕೊಟ್ಟಿತು, ಕೂಲಿಯವನ ತನಕ ಹೆಚ್ಚು ಬರಲಿಲ್ಲ. 2020ರ ತಿದ್ದುಪಡಿಯಂತೂ ಕೃಷಿಕರಲ್ಲದ ಹಣವಂತರಿಗೂ ಹೊಲ ಕೊಳ್ಳುವ ಬಾಗಿಲು ತೆರೆಯಿತು.

ಹೀಗಿರುವಾಗ ನೀರಾವರಿ ನೆಲ ಒಬ್ಬರ ಕೈಯಲ್ಲಿ ಭದ್ರವಾಗಿರಲಿ, ಬಡವರು ಮಾತ್ರ ಆಡು ಮೇಯುವ ಬರಡನ್ನು ಹಂಚಿಕೊಂಡು ತಮ್ಮತಮ್ಮಲ್ಲೇ ಕಚ್ಚಾಡಲಿ ಎಂಬುದು ಯಾವ ನ್ಯಾಯ? ಚೋಮನಿಗೆ ಗಾಯರಾಣದ ಕಲ್ಲುನೆಲ ಸಾಲದು, ಕಾಲುವೆ ಕೆಳಗಿನ ನೆಲ ಬೇಕು. ಅದು ಸಿಗುವವರೆಗೆ ತುಂಡು ಗಾಯರಾಣ ಉಳುವವನನ್ನು ಒಕ್ಕಲೆಬ್ಬಿಸುವ ಹಕ್ಕು ಯಾವ ಹಸಿರು ಬಾವುಟಕ್ಕೂ ಇಲ್ಲ.

1927ರಲ್ಲಿ ಅಂಬೇಡ್ಕರರು ಮಹಾಡಿನ ಚವದಾರ ಕೆರೆಗೆ ಇಳಿದದ್ದು ನೀರಿನ ಹೋರಾಟವೇ. ಕೆರೆ ಉಳಿಯಬೇಕು ಎಂಬುದಕ್ಕಿಂತ ಮೊದಲು ಕೆರೆ ಎಲ್ಲರದಾಗಬೇಕು ಎಂದರು. ಕಾರಂತರು ಕಂಪನಿಯಿಂದ ನೆಲ ಬಿಡಿಸಿದರು, ಅದಕ್ಕೆ ನಮ್ಮ ಶರಣು. ಆದರೆ ಬಿಡಿಸಿದ ನೆಲದ ಮೇಲೆ ಕೇರಿಯ ಮಾತು ನಡೆಯುವಂತೆ ಮಾಡುವ ಕೆಲಸ ನಮ್ಮದು.

ವನಮಹೋತ್ಸವದ ದಿನ ಮಕ್ಕಳ ಕೈಗೆ ಸಸಿ ಕೊಡುವ ಮಾಸ್ತರರು ಊರ ಗಾಯರಾಣದ ಉತಾರವನ್ನೂ ತಂದು ಓದಿಸಲಿ. ಎಷ್ಟು ಎಕರೆ ಇತ್ತು, ಎಷ್ಟು ಉಳಿದಿದೆ, ಉಳಿದದ್ದನ್ನು ನುಂಗಿದವರು ಯಾರು? ಮಕ್ಕಳು ಲೆಕ್ಕ ಹಾಕಲಿ. ಸಸಿ ಎಲ್ಲಿ ನೆಡಬೇಕೆಂದು ಆಮೇಲೆ ಅವರೇ ಹೇಳುತ್ತಾರೆ.